ಆರು ಸಲ ಇಶ್ಯೂ ಆದ ಪುಸ್ತಕ

ನಾಸಿಕದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಒಂಬತ್ತು ವರ್ಷ ಗ್ರಂಥಪಾಲಕಿಯಾಗಿದ್ದೆ. ನಮ್ಮದು ಬೀದರ ಜಿಲ್ಲೆ, ಭಾಲ್ಕಿ ಕಡೆಯ ಹಳ್ಳಿ. ಗಂಡ ಛತ್ರಪತಿ ಸಂಭಾಜಿನಗರದ ವಾಳೂಜ್‌ನಲ್ಲಿ, ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮಗಳು ಅವರ ಜೊತೆಗಿದ್ದು ಅತ್ತೆಯ ಕೈಯಲ್ಲಿ ಬೆಳೆಯುತ್ತಿದ್ದಳು. ನಾನು ವಾರವಿಡೀ ನಾಸಿಕದ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಮಧ್ಯಾಹ್ನ ಎಸ್.ಟಿ. ಬಸ್ಸು ಹಿಡಿದು ಯೇವಲಾ, ವೈಜಾಪುರ ದಾಟಿ ಮನೆ ಸೇರುತ್ತಿದ್ದೆ. ಸೋಮವಾರ ನಸುಕಿನಲ್ಲಿ ಮತ್ತೆ ಬಸ್ಸು. ಮಗಳು ಚಿಕ್ಕವಳಿದ್ದಾಗ ನಾನು ಹೊರಟರೆ ಅಳುತ್ತಿದ್ದಳು. ಆಮೇಲೆ ಆಮೇಲೆ ಅಳುವುದನ್ನು ಬಿಟ್ಟಳು. ಮಲಗಿದಲ್ಲಿಂದಲೇ ಕೈ ಬೀಸಿ ಮಗ್ಗುಲಾಗುತ್ತಿದ್ದಳು. ಅವಳು ಅಳುತ್ತಿದ್ದ ದಿನಗಳೇ ನನಗೆ ಮೇಲೆನಿಸುತ್ತಿದ್ದವು.

ಒಂದು ಜುಲೈ ತಿಂಗಳಲ್ಲಿ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಜನವರಿಯಲ್ಲಿ ಕಾಲೇಜಿನ ತಪಾಸಣೆಗೆ ಸಮಿತಿ ಬರುವುದಿತ್ತು. ಅಷ್ಟರೊಳಗೆ ಹೊಸದಾಗಿ ಸೇರಿದ ಪ್ರತಿಯೊಬ್ಬ ಅಧ್ಯಾಪಕರಿಗೂ ಒಬ್ಬ ಹಿರಿಯರನ್ನು ಮೆಂಟರ್ ಎಂದು ಗೊತ್ತುಮಾಡಬೇಕು, ಇಬ್ಬರೂ ಹದಿನೈದು ದಿನಕ್ಕೊಮ್ಮೆ ಕೂತು ಮಾತಾಡಬೇಕು, ಮಾತಾಡಿದ್ದನ್ನು ಡೈರಿಯಲ್ಲಿ ಬರೆದು ಸಹಿ ಹಾಕಬೇಕು ಎಂದು ತೀರ್ಮಾನವಾಗಿತ್ತು. ಅಧ್ಯಾಪಕರ ಮೆಂಟರಿಂಗ್ ಬಗ್ಗೆ ಗ್ರಂಥಾಲಯದಲ್ಲಿ ಏನೇನಿದೆಯೋ ಪಟ್ಟಿ ಮಾಡಿ, ಇಲ್ಲದಿದ್ದರೆ ತರಿಸಿ, ಒಂದು ರ್‍ಯಾಕು ನಿಲ್ಲಿಸಬೇಕು ಎಂದು ಹೇಳಿದರು.

ಹೋಗಿ ಕಂಪ್ಯೂಟರಿನಲ್ಲಿ ಆ ಪದ ಕೊಟ್ಟು ಹುಡುಕಿದೆ. ಒಂದೂ ಪುಸ್ತಕ ಬರಲಿಲ್ಲ. 'ಮಾರ್ಗದರ್ಶನ' ಎಂದು ಮರಾಠಿಯಲ್ಲಿ ಕೊಟ್ಟಾಗ ನೂರಾರು ಬಂದವು. ಎಲ್ಲವೂ ತಲಾಠಿ, ಪೊಲೀಸ್, ಬ್ಯಾಂಕು ನೌಕರಿಯ ಪರೀಕ್ಷೆಗಳ ಗೈಡುಗಳು. ಒಳಗಿನ ಕಪಾಟುಗಳಲ್ಲಿ ಕೈಯಾರೆ ಹುಡುಕಿದೆ. ಹದಿಹರೆಯದ ಹುಡುಗರಿಗೆ ಬುದ್ಧಿ ಹೇಳುವುದು ಹೇಗೆಂಬ ಐದಾರು ಹಳೆಯ ಪುಸ್ತಕ ಸಿಕ್ಕವು, ಹುಳ ತಿಂದಿದ್ದವು. ಅಧ್ಯಾಪಕರಿಗೆ ಅಧ್ಯಾಪಕರೇ ಹೇಗೆ ಆಸರೆಯಾಗಬೇಕು ಎಂದು ಯಾರೂ ಕೇಳಿರಲಿಲ್ಲ, ನಾವು ತರಿಸಿರಲೂ ಇಲ್ಲ.

ಮೂರು ವಾರ ಅದೇ ಕೆಲಸ ಹಿಡಿದೆ. ಬೇರೆ ಕಾಲೇಜುಗಳ ಗ್ರಂಥಪಾಲಕರನ್ನು ವಾಟ್ಸಾಪಿನಲ್ಲಿ ಕೇಳಿದೆ. ಎಲ್ಲೆಲ್ಲಿಯದೋ ವಿಶ್ವವಿದ್ಯಾಲಯಗಳು ಪುಕ್ಕಟೆ ಇಟ್ಟಿದ್ದ ಕೈಪಿಡಿಗಳನ್ನು ಇಳಿಸಿಕೊಂಡು ಓದಿ, ಬರಿ ಮಾತಿನವನ್ನು ಬಿಟ್ಟು, ಕೆಲಸಕ್ಕೆ ಬರುವ ನಾಲ್ಕನ್ನು ಮುದ್ರಿಸಿ ಸ್ಪೈರಲ್ ಬೈಂಡ್ ಮಾಡಿಸಿದೆ. ಪುಣೆಯಿಂದ ಎರಡು ಪುಸ್ತಕ ತರಿಸಿದೆ. ನಿಜ ಹೇಳಬೇಕೆಂದರೆ ಆ ಮೂರು ವಾರ ನನಗೆ ಖುಷಿಯಾಗಿತ್ತು. ಎಷ್ಟೋ ವರ್ಷಗಳಿಂದ ನಾನು ಗೇಟಿನ ರಿಜಿಸ್ಟರು, ಕಾಣೆಯಾದ ಪುಸ್ತಕಗಳ ಯಾದಿ, ವಿದ್ಯಾರ್ಥಿಗಳ ಗಲಾಟೆ ಇಷ್ಟರಲ್ಲೇ ಇದ್ದೆ. ಬೇಕಾದ್ದನ್ನು ಹುಡುಕಿ ಕೊಡುವುದು ನನ್ನ ಕೆಲಸ ಎಂಬುದು ನನಗೇ ಮರೆತುಹೋಗಿತ್ತು.

ಪೇಪರ್ ಓದುವ ಮೇಜಿನ ಪಕ್ಕ ರ್‍ಯಾಕು ನಿಂತಿತು. ಯಾರೂ ಬರಲಿಲ್ಲ. ಅಧ್ಯಾಪಕರು ಡೈರಿಗಳನ್ನು ಸ್ಟಾಫ್ ರೂಮಿನಲ್ಲಿ ಒಂದೇ ಸಲ ಕೂತು ನಾಲ್ಕು ತಿಂಗಳಿನದನ್ನು ತುಂಬಿಬಿಡುತ್ತಿದ್ದರು. ಬೇರೆ ಬೇರೆ ದಿನ ಬರೆದಂತೆ ಕಾಣಲೆಂದು ನನ್ನ ಹತ್ತಿರ ಬೇರೆ ಬೇರೆ ಪೆನ್ನು ಕೇಳಿಕೊಂಡು ಹೋದವರೂ ಇದ್ದರು.

ಕೊನೆಗೆ ಒಬ್ಬಳು ಬಂದದ್ದು ಗಣಪತಿ ಹಬ್ಬ ಮುಗಿದ ಮೇಲೆ. ನಾನು ಅತ್ತೆಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ; ಮಗಳಿಗೆ ಜ್ವರ ಬಂದಿತ್ತು. ಫೋನ್ ಇಟ್ಟು ತಲೆಯೆತ್ತಿದರೆ ಕೌಂಟರಿನ ಮುಂದೆ ಸಣ್ಣ ಮೈಯ ಒಬ್ಬ ಹುಡುಗಿ ನಿಂತಿದ್ದಳು. ಕೊರಳಲ್ಲಿ ಸಿಬ್ಬಂದಿಯ ಐಡಿ ಕಾರ್ಡು ಇರದಿದ್ದರೆ ವಿದ್ಯಾರ್ಥಿನಿ ಎಂದೇ ತಿಳಿಯುತ್ತಿದ್ದೆ.

"ನೀವು ಕನ್ನಡದವರೇನ್ರಿ ಮ್ಯಾಡಮ್?" ಎಂದಳು.

"ಹೌದು, ಬೀದರದವಳು. ನೀವು?"

"ನಮ್ಮಪ್ಪಂದು ಆಳಂದ ಕಡಿ. ನಾ ಇಲ್ಲೇ ಹುಟ್ಟೀನಿ. ನಂಗ ಕನ್ನಡ ಸಮಜ್ತದ್ರಿ, ಮಾತಾಡ್ಲಾಕ ಅಷ್ಟ್ ಬರಲ್ಲ."

ಬಾಟನಿ ವಿಭಾಗಕ್ಕೆ ಆ ಜೂನಿನಲ್ಲಿ ಸೇರಿದ್ದಳು, ಹನ್ನೊಂದು ತಿಂಗಳ ಕರಾರಿನ ಮೇಲೆ. ಅಪ್ಪ ಕಟ್ಟಡದ ಕೆಲಸಕ್ಕೆಂದು ಈ ಕಡೆ ಬಂದವನು, ಅವಳು ಶಾಲೆಯಲ್ಲಿ ಆರನೆಯ ಇಯತ್ತೆ ಓದುತ್ತಿದ್ದಾಗ ತೀರಿಕೊಂಡಿದ್ದ. ಅವ್ವ ಲಾಸಲಗಾಂವ್‌ನಲ್ಲಿ ವ್ಯಾಪಾರಿಗಳ ಶೆಡ್ಡಿನಲ್ಲಿ ಉಳ್ಳಾಗಡ್ಡಿ ಆರಿಸುತ್ತ ಮಗಳನ್ನು ಎಂ.ಎಸ್ಸಿ.ವರೆಗೆ ಓದಿಸಿದ್ದಳು. ಶೇಖರಿಸಿಟ್ಟ ಉಳ್ಳಾಗಡ್ಡಿಗೆ ಹಿಡಿಯುವ ಕಪ್ಪು ಬೂಷ್ಟಿನ ಮೇಲೆಯೇ ಅವಳು ಪ್ರಬಂಧ ಬರೆದಿದ್ದಳು. ಅವ್ವ ಕೆಲಸ ಮಾಡುವ ಶೆಡ್ಡುಗಳಲ್ಲಿ ಎರಡು ಬೇಸಿಗೆ ಕೂತು ಮಾದರಿ ಆರಿಸಿ, ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಬಸ್ಸಿನಲ್ಲಿ ವಾಸನೆಗೆ ಬೈಸಿಕೊಂಡು ಪ್ರಯೋಗಶಾಲೆಗೆ ಒಯ್ದಿದ್ದಳಂತೆ. ಅವಳಿಗೆ ಮೆಂಟರ್ ಆಗಿ ಸಿಕ್ಕಿದ್ದವರು ವಿಭಾಗದ ಮುಖ್ಯಸ್ಥರೇ.

"ಮೆಂಟರ್ ಅಂದ್ರ ಏನ್ ಮಾಡ್ಬೇಕು, ನಾ ಏನ್ ಮಾಡ್ಬೇಕು, ನಂಗ ಏನೂ ಗೊತ್ತಿಲ್ರಿ. ಹಂಗಾಗಿ ಬಂದೆ."

ಸ್ಪೈರಲ್ ಕೈಪಿಡಿಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದನ್ನು ತೆಗೆದುಕೊಟ್ಟೆ. ಏಳು ದಿನಕ್ಕೆ ಇಶ್ಯೂ. ಏಳನೆಯ ದಿನ ಬಂದು ಮತ್ತೆ ಬರೆಸಿಕೊಂಡಳು. ಹಾಗೆಯೇ ಮುಂದಿನ ವಾರ, ಅದರ ಮುಂದಿನ ವಾರ. "ಬಾಯಿಪಾಠ ಮಾಡ್ತೀಯೇನು?" ಎಂದು ನಕ್ಕೆ. ಅಷ್ಟರಲ್ಲಿ ನಾನು ಅವಳಿಗೆ ನೀನು ಎನ್ನತೊಡಗಿದ್ದೆ. ಅವಳು ನನ್ನನ್ನು ಅಕ್ಕಾ ಎನ್ನುತ್ತಿದ್ದಳು.

"ಇಂಗ್ಲಿಷ್ ಓದೋದು ಸಾವಕಾಶ ಆಗ್ತದ ಅಕ್ಕಾ. ಖರೇನೆ ಇದ್ರಾಗ ಬರದಂಗ ಯಾರರ ಇರ್ತಾರ?" ಎಂದಳು.

ದೀಪಾವಳಿ ರಜೆ ಮುಗಿದ ವಾರ, ಊಟದ ಹೊತ್ತಿನಲ್ಲಿ, ಗ್ರಂಥಾಲಯ ಖಾಲಿ ಇದ್ದಾಗ ಬಂದಳು. ಕೂಡ್ರಲಿಲ್ಲ. ಫೋನನ್ನು ನನ್ನ ಮುಂದೆ ಹಿಡಿದಳು. ಒಂದು ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾದ ಲೇಖನ. ಶೇಖರಿಸಿದ ಉಳ್ಳಾಗಡ್ಡಿಯ ಕಪ್ಪು ಬೂಷ್ಟಿನ ಬಗ್ಗೆ. ಲೇಖಕರೆಂದು ಎರಡು ಹೆಸರು: ಮೊದಲಿನದು ವಿಭಾಗದ ಮುಖ್ಯಸ್ಥರದು, ಎರಡನೆಯದು ಬೇರೆ ಊರಿನ ಯಾರದೋ. ಕೊನೆಯಲ್ಲಿ ಧನ್ಯವಾದ ಹೇಳುವ ಸಾಲಿನಲ್ಲಿ ಅವಳ ಹೆಸರಿತ್ತು, ಮಾದರಿ ಕೂಡಿಸಲು ನೆರವಾದದ್ದಕ್ಕೆ.

"ನಾ ಬರ್ದಿದ್ದು, ತಿದ್ದಿ ಕೊಡ್ತೀನಿ ಅಂತ ಇಸ್ಕೊಂಡಿದ್ರು. ಮೆಂಟರ್ ಅಲ್ಲೇನು, ತೋರಿಸ್ಬೇಕು ಅಂದ್ರು. ಕೊಟ್ಟೆ."

ಬೆರಳಿನಿಂದ ಪುಟ ಸರಿಸಿ ಒಂದು ಚಿತ್ರದ ಮೇಲೆ ನಿಂತಳು. ಅರ್ಧ ಕೊಯ್ದ ಉಳ್ಳಾಗಡ್ಡಿ, ಒಳಪದರದ ತುಂಬ ಕಪ್ಪು ಪುಡಿ, ಅದನ್ನು ಹಿಡಿದಿದ್ದ ಒಂದು ಹೆಂಗಸಿನ ಕೈ, ಹಸಿರು ಬಳೆ, ಉಗುರು ಸವೆದ ಹೆಬ್ಬೆರಳು.

"ಈ ಕೈ ನಮ್ಮವ್ವಂದ್ರಿ," ಎಂದಳು. ನಾನು ನೀರು ಕೊಟ್ಟೆ. ಕುಡಿದು, ಕೇಳಿದಳು: "ಇಂಥದ್ದಕ್ಕ ಏನರ ಪುಸ್ತಕ ಅದೇನ್ರಿ ಅಕ್ಕಾ?"

ಇತ್ತು. ಅವಳೇ ವಾರ ವಾರ ಒಯ್ಯುತ್ತಿದ್ದ ಕೈಪಿಡಿಯಲ್ಲೇ ಕೊನೆಯ ಭಾಗದಲ್ಲಿತ್ತು. ಅವಳು ಅಲ್ಲಿಯವರೆಗೆ ಇನ್ನೂ ಓದಿರಲಿಲ್ಲ. ಮೆಂಟರ್ ತನ್ನ ಹಿರಿತನವನ್ನು ದುರುಪಯೋಗ ಮಾಡಿಕೊಂಡರೆ ಏನು ಮಾಡಬೇಕು, ಕಿರಿಯರ ಕೆಲಸಕ್ಕೆ ತನ್ನ ಹೆಸರು ಹಾಕಿಕೊಂಡರೆ ಯಾವ ಕಾಗದಗಳನ್ನು ಜೋಪಾನ ಮಾಡಬೇಕು, ಮೆಂಟರ್ ಬದಲಾಯಿಸಿ ಕೊಡಿ ಎಂದು ಯಾರಿಗೆ ಹೇಗೆ ಬರೆಯಬೇಕು, ಎಲ್ಲವೂ ಇತ್ತು. ಅರ್ಜಿಯ ಮಾದರಿಯೂ ಇತ್ತು. ಕೈಪಿಡಿಯ ಇನ್ನೊಂದು ಪ್ರತಿಯಿಂದ ಆ ಆರು ಪುಟಗಳನ್ನು ಝೆರಾಕ್ಸ್ ಮಾಡಿ ಕೊಟ್ಟೆ. ಪದ್ಧತಿಯಂತೆ ಝೆರಾಕ್ಸ್ ರಿಜಿಸ್ಟರಿನಲ್ಲಿ ಅವಳ ಹೆಸರು, ಪುಸ್ತಕದ ಹೆಸರು, ಪುಟಗಳ ಸಂಖ್ಯೆ ಬರೆದೆ. ಅವಳು ಸಹಿ ಹಾಕಿದಳು.

ಮುಂದಿನ ಹತ್ತು ದಿನ ಅವಳು ಅರ್ಜಿ ಬರೆದು ಬರೆದು ತಂದಳು, ನಾನು ಇಂಗ್ಲಿಷ್ ತಿದ್ದಿದೆ. ಮೊದಲ ಪ್ರತಿಯಲ್ಲಿ ಬರಿ ಸಿಟ್ಟಿತ್ತು. ಕೊನೆಯದರಲ್ಲಿ ಯಾವ ಬೇಸಿಗೆ, ಯಾವ ಶೆಡ್ಡು, ಪ್ರಬಂಧದ ಯಾವ ಪುಟ ಎಂಬುದೆಲ್ಲ ಒಂದೊಂದಾಗಿ ಇತ್ತು. ಅವಳು ಮರುದಿನವೇ ಪ್ರಿನ್ಸಿಪಾಲರಿಗೆ ಕೊಡುತ್ತೇನೆ ಎಂದಳು. ತಡೆದವಳು ನಾನು.

"ಈಗ ಬ್ಯಾಡ. ಕಮಿಟಿ ಬಂದು ಹೋಗ್ಲಿ. ಈಗ ಕೊಟ್ಟರ ಕಾಲೇಜಿನ ಹೆಸರು ಕೆಡಿಸ್ಲಾಕ ಬಂದಾಳ ಅಂತಾರ."

ಅವಳಿಗೆ ಮನಸ್ಸಿರಲಿಲ್ಲ. ಆದರೂ "ನೀವು ಹೇಳಿದಂಗ" ಎಂದು ಕಾಗದ ಮಡಚಿ ಚೀಲದಲ್ಲಿಟ್ಟಳು. ಆ ಸಲಹೆಯನ್ನು ನಾನು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟೆ. ಇಷ್ಟರಮಟ್ಟಿಗೆ ನನ್ನ ಮೇಲೆ ನನಗೆ ನಂಬಿಕೆಯಿದೆ.

ಡಿಸೆಂಬರಿನಲ್ಲಿ ಒಂದು ದಿನ ಆ ಮುಖ್ಯಸ್ಥರು ಗ್ರಂಥಾಲಯಕ್ಕೆ ಬಂದರು. ಒಂಬತ್ತು ವರ್ಷದಲ್ಲಿ ಅವರು ಒಳಗೆ ಬಂದದ್ದನ್ನು ನಾನು ಎರಡೋ ಮೂರೋ ಸಲ ನೋಡಿರಬಹುದು. ಒಳ್ಳೆಯ ಮಾತಿನ ಮನುಷ್ಯ. ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ನನ್ನೆದುರು ಕೂತು ಮರಾಠಿಯಲ್ಲಿ ಕೇಳಿದರು, ಮಗಳು ಈಗ ಯಾವ ಇಯತ್ತೆ, ವಾರ ವಾರ ಬಸ್ಸಿನಲ್ಲಿ ತಿರುಗಾಡಿ ಆರೋಗ್ಯ ಹೇಗಿದೆ. ಆಮೇಲೆ ಹೇಳಿದರು: ನಮ್ಮ ಟ್ರಸ್ಟಿನ ಸಂಭಾಜಿನಗರದ ಕಾಲೇಜಿನಲ್ಲಿ ಗ್ರಂಥಪಾಲಕರು ಮೇ ತಿಂಗಳಿಗೆ ನಿವೃತ್ತರಾಗುತ್ತಾರೆ. ನಿಮ್ಮ ವರ್ಗಾವಣೆಯ ಅರ್ಜಿ ಮೂರು ವರ್ಷದಿಂದ ಅಲ್ಲೇ ಬಿದ್ದಿದೆಯಂತಲ್ಲ. ಹೋದ ಮೀಟಿಂಗಿನಲ್ಲಿ ನಾನೇ ನೆನಪು ಮಾಡಿದೆ.

ನಾನು ಥ್ಯಾಂಕ್ಯೂ ಸರ್ ಎಂದೆ. ಅವರು ಏಳುವಂತೆ ಮಾಡಿ ಮತ್ತೆ ಕೂತರು. ಸಮಿತಿಗೆ ಮೆಂಟರಿಂಗ್ ವರದಿ ಬರೆಯುವ ಕೆಲಸ ಅವರಿಗೆ ಬಂದಿತ್ತಂತೆ. ರ್‍ಯಾಕಿನ ಪುಸ್ತಕಗಳನ್ನು ಯಾರು ಯಾರು ಒಯ್ದಿದ್ದಾರೆ, ಏನೇನು ಝೆರಾಕ್ಸ್ ಆಗಿದೆ, ಎರಡರ ವಿವರವೂ ಬೇಕಿತ್ತು.

"ಸಂಖ್ಯೆ ಸಾಕಲ್ಲವೇ ಸರ್?" ಎಂದೆ. ಒಂದೇ ಸಲ ಕೇಳಿದೆ.

"ಹೆಸರಿದ್ದರೆ ಖರೆ ಅನ್ನಿಸುತ್ತದೆ ಮೇಡಂ," ಎಂದರು.

ಕಂಪ್ಯೂಟರಿನಿಂದ ಪಟ್ಟಿ ತೆಗೆದೆ. ಎಲ್ಲ ಪುಸ್ತಕಗಳ ಮುಂದೆಯೂ ಸೊನ್ನೆ, ಒಂದರ ಮುಂದೆ ಮಾತ್ರ ಆರು. ಆರು ಸಲವೂ ಒಂದೇ ಹೆಸರು. ಕೆಳಗೆ ಸಹಿ ಮಾಡಿ ಗ್ರಂಥಾಲಯದ ಶಿಕ್ಕಾ ಒತ್ತಿದೆ. ಝೆರಾಕ್ಸ್ ರಿಜಿಸ್ಟರನ್ನು ಅವರ ಕಡೆ ತಿರುಗಿಸಿದೆ. ಅವರು ಆ ಪುಟದ ಫೋಟೋ ತೆಗೆದುಕೊಂಡರು. ರ್‍ಯಾಕಿನ ಹತ್ತಿರ ಹೋಗಿ ಆ ಕೈಪಿಡಿಯ ಇನ್ನೊಂದು ಪ್ರತಿ ತೆಗೆದು, ರಿಜಿಸ್ಟರಿನಲ್ಲಿದ್ದ ಪುಟಗಳನ್ನೇ ತೆರೆದು ನಿಂತು ಓದಿದರು. ಎಲ್ಲ ಸೇರಿ ಹತ್ತು ನಿಮಿಷವೂ ಆಗಿರಲಿಲ್ಲ.

ಕಚೇರಿಯ ಕೆಲಸ, ಕೇಳಿದವರು ಹಿರಿಯರು, ಕೊಡದೆ ಇರಲು ನಿಯಮವಿಲ್ಲ ಎಂದು ಆಮೇಲೆ ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ ಲೆಕ್ಕವಿಲ್ಲ. ಆದರೆ ಶಿಕ್ಕಾ ಒತ್ತುವಾಗ ಅವರು ಆ ಪಟ್ಟಿಯನ್ನು ಯಾಕೆ ಕೇಳುತ್ತಿದ್ದಾರೆಂಬುದು ನನಗೆ ಗೊತ್ತಿತ್ತು. ಸಾಯಂಕಾಲ ಅವಳಿಗೆ ಒಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ. ಶನಿವಾರ ಮನೆಗೆ ಹೋದಾಗ ವರ್ಗಾವಣೆಯ ಸುದ್ದಿ ಮಾತ್ರ ಹೇಳಿದೆ. ಗಂಡ ಬಹಳ ಹಿಗ್ಗಿದರು. ಮಗಳು ಮರಾಠಿಯಲ್ಲಿ, "ಅಂದರೆ ಸೋಮವಾರವೂ ಇಲ್ಲೇ ಇರ್ತೀಯಾ?" ಎಂದು ಕೇಳಿದಳು. ಹೌದು ಎಂದೆ. ನಂಬದವಳಂತೆ ನನ್ನ ಮುಖ ನೋಡಿದಳು.

ಮುಂದಿನ ವಾರ ಆ ಹುಡುಗಿ ಗ್ರಂಥಾಲಯಕ್ಕೆ ಬರಲಿಲ್ಲ. ಕಾರಿಡಾರಿನಲ್ಲಿ ಸಿಕ್ಕರೆ ತಲೆ ತಗ್ಗಿಸಿ ಹೋಗುತ್ತಿದ್ದಳು. ಏನಾಯಿತೆಂದು ನನಗೆ ತಿಳಿದದ್ದು ಜನವರಿಯಲ್ಲಿ. ಸಮಿತಿಗೆ ತೋರಿಸಲು ಎಲ್ಲ ಮೆಂಟರ್ ಡೈರಿಗಳನ್ನೂ ರ್‍ಯಾಕಿನ ಮೇಲೆ ಜೋಡಿಸಬೇಕಿತ್ತು. ಅವಳದನ್ನು ತೆರೆದು ನೋಡಿದೆ. ಆಗಸ್ಟಿನ ತಾರೀಖು ಹಾಕಿ ನೀಲಿ ಶಾಯಿಯಲ್ಲಿ ದುಂಡಗೆ ಬರೆದಿದ್ದಳು: ಉಳ್ಳಾಗಡ್ಡಿಯ ಬೂಷ್ಟಿನ ಮೇಲಿನ ಕೆಲಸದ ಯೋಜನೆ ಮೆಂಟರ್ ಸರ್ ಅವರದು, ಮಾದರಿ ಆರಿಸುವುದನ್ನು ಅವರು ನನಗೆ ಕಲಿಸಿದರು, ಅವರ ಮಾರ್ಗದರ್ಶನಕ್ಕೆ ಋಣಿ. ಕೆಳಗೆ ಅವಳ ಸಹಿ, ಪಕ್ಕದಲ್ಲಿ ಅವರದು. ಆಗಸ್ಟಿನಲ್ಲಿ ಅವಳಿಗೆ ಮೆಂಟರ್ ಅಂದರೆ ಏನೆಂಬುದೇ ಗೊತ್ತಿರಲಿಲ್ಲ. ಅದನ್ನು ಯಾವಾಗ, ಯಾರ ಕೋಣೆಯಲ್ಲಿ, ಎದುರಿಗೆ ಯಾವ ಪಟ್ಟಿ ಇಟ್ಟು ಬರೆಸಿದ್ದರೆಂದು ಯಾರೂ ಹೇಳಬೇಕಾಗಿರಲಿಲ್ಲ. ಡೈರಿಯನ್ನು ಮುಚ್ಚಿ, ಉಳಿದವುಗಳ ಸಾಲಿನಲ್ಲಿಟ್ಟೆ.

ಸಮಿತಿಯಲ್ಲಿ ಮೂವರಿದ್ದರು. ಅವರಲ್ಲಿ ಒಬ್ಬ ವಯಸ್ಸಾದ ಹೆಂಗಸು ನಿಧಾನಕ್ಕೆ ಓದುವವರು. ಅದೇ ಡೈರಿಯನ್ನು ಎತ್ತಿಕೊಂಡು, ಇವರನ್ನು ಕರೆಯಿರಿ ಎಂದರು. ಅವಳು ಬಂದಳು. ಮುಖ್ಯಸ್ಥರೂ ಹಿಂದೆಯೇ ಬಂದು ಬಾಗಿಲ ಹತ್ತಿರ ನಿಂತರು.

"ನಿಮ್ಮ ಮೆಂಟರ್‌ನಿಂದ ಏನು ಕಲಿತಿರಿ?" ಎಂದು ಆ ಹೆಂಗಸು ಇಂಗ್ಲಿಷಿನಲ್ಲಿ ಕೇಳಿದರು.

ನಾನು ಕೌಂಟರಿನ ಹಿಂದಿದ್ದೆ. ಅವಳು ಒಮ್ಮೆ ನನ್ನ ಕಡೆ ನೋಡಿದಳು. ನಾನು ಕಂಪ್ಯೂಟರಿನ ಪರದೆ ನೋಡಿದೆ.

"ಸರ್ ನನ್ನನ್ನು ತಿದ್ದಿದರು," ಎಂದಳು.

ಆ ಹೆಂಗಸು ತಲೆಯಾಡಿಸಿ ಏನೋ ಬರೆದುಕೊಂಡರು. ಸಮಿತಿಯ ವರದಿಯಲ್ಲಿ ರ್‍ಯಾಕಿಗೆ ವಿಶೇಷ ಮೆಚ್ಚುಗೆ ಬಂತು. ಆ ಸಂಜೆಯೇ ಅವಳು ತಾರೀಖು ಮೀರಿ ತನ್ನ ಹತ್ತಿರವೇ ಉಳಿದಿದ್ದ ಕೈಪಿಡಿಯನ್ನು ತಂದು ಕೌಂಟರಿನ ಮೇಲಿಟ್ಟಳು.

"ಜಮಾ ಮಾಡ್ಕೋರಿ ಮ್ಯಾಡಮ್."

ಮಾಡಿಕೊಂಡೆ. ಅವಳು ರಸೀದಿಗೆ ನಿಲ್ಲಲಿಲ್ಲ. ಏಪ್ರಿಲಿಗೆ ಅವಳ ಕರಾರು ಮುಗಿಯಿತು, ಮತ್ತೆ ಕರೆಯಲಿಲ್ಲ. ಮೇ ತಿಂಗಳಲ್ಲಿ ನನಗೆ ವರ್ಗಾವಣೆಯ ಪತ್ರ ಬಂತು, ಜೊತೆಗೆ ಮೆಂಟರಿಂಗ್ ಸಂಪನ್ಮೂಲ ಕಟ್ಟಿದ್ದಕ್ಕೆ ಅಭಿನಂದನಾ ಪತ್ರವೂ ಇತ್ತು.

ಸಂಭಾಜಿನಗರಕ್ಕೆ ಬಂದ ಮೇಲೆ ನಾನು ಬಯಸಿದ್ದೆಲ್ಲ ಸಿಕ್ಕಿತು. ಬೆಳಿಗ್ಗೆ ಮಗಳ ಜಡೆ ಹಾಕುತ್ತಿದ್ದೆ, ಸಂಜೆ ಅತ್ತೆಯ ಜೊತೆ ಕೂತು ಸೊಪ್ಪು ಸೋಸುತ್ತಿದ್ದೆ. ಮೂರು ತಿಂಗಳು ಹೇಗೋ ಹೋದವು. ಒಂದು ದಿನ ರೊಟ್ಟಿ ಬಡಿಯುತ್ತಿದ್ದವಳು ನಿಲ್ಲಿಸಿ ಗಂಡನಿಗೆ ಎಲ್ಲ ಹೇಳಿದೆ. ಅವರು ಕೇಳಿ, "ನೀ ಏನ್ ಮಾಡೀದಿ? ಕೇಳಿದ ಕಾಗದ ಕೊಟ್ಟೀದಿ, ಅಷ್ಟೇ ಅಲ್ಲೇನು?" ಎಂದರು. ಊಟ ಮಾಡಿ ಕೈ ತೊಳೆದು ಬಂದ ಮೇಲೆ ಮತ್ತೆ ಅವರೇ, "ಆ ಹುಡಿಗಿ ಈಗ ಎಲ್ಲಿ ಇದ್ದಾಳ?" ಎಂದು ಕೇಳಿದರು.

ದಸರೆ ಮುಗಿದ ಮೇಲೆ ಒಂದು ರಜೆಯ ದಿನ ಲಾಸಲಗಾಂವ್‌ಗೆ ಹೋದೆ. ಮಾರುಕಟ್ಟೆಯ ಆಚೆ ಸಾಲಾಗಿರುವ ಶೆಡ್ಡುಗಳಲ್ಲಿ ಕನ್ನಡ ಮಾತಾಡುವ, ಉಳ್ಳಾಗಡ್ಡಿ ಆರಿಸುವ ಹೆಂಗಸು ಎಂದು ಕೇಳುತ್ತ ಹೋದರೆ ನಾಲ್ಕನೆಯ ಶೆಡ್ಡಿನಲ್ಲಿ ಅವಳ ಅವ್ವ ಸಿಕ್ಕಳು. ಮೊಣಕಾಲೆತ್ತರದ ರಾಶಿಯ ಮುಂದೆ ಹತ್ತಾರು ಹೆಂಗಸರ ನಡುವೆ ಕೂತು, ಒಳ್ಳೆಯದನ್ನು ಒಂದು ಕಡೆ, ಕೆಟ್ಟದ್ದನ್ನು ಒಂದು ಕಡೆ ಎಸೆಯುತ್ತಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ಸೆರಗಿನಿಂದ ಕೈ ಒರೆಸಿಕೊಂಡು ಎದ್ದಳು.

"ಲೈಬ್ರರಿ ಅಕ್ಕೋರು ನೀವೇ ಏನ್ರಿ? ಎವ್ವಾ, ನಿಮ್ಮ ಹೆಸರು ಭಾಳ ಹೇಳ್ತಿದ್ಳ್ರಿ. ಅಲ್ಲಿ ನಮ್ಮವರು ಒಬ್ಬರು ಸಿಕ್ಕಾರ ಅವ್ವಾ, ನಂದು ಹೆದರಿಕಿ ಹೋಯ್ತು ಅಂತಿದ್ಳು."

ಮಗಳಿಗೆ ಕೆಲಸ ಯಾಕೆ ಹೋಯಿತೆಂದು ಅವಳಿಗೆ ತಿಳಿದಿರಲಿಲ್ಲ. "ಸರಕಾರದ ಕಾಯಿದೆ ಬದಲಾಗ್ಯಾದಂತ, ಹಂಗ ಹೇಳ್ಯಾಳ" ಎಂದಳು. ಮಗಳು ಈಗ ವಾಳೂಜ್‌ನಲ್ಲಿ ಠೇಕೇದಾರನ ಕೈಕೆಳಗೆ ಒಂದು ಕಂಪನಿಯ ಪ್ಯಾಕಿಂಗ್ ಲೈನಿನಲ್ಲಿದ್ದಾಳೆ, ನಾಲ್ಕು ಹುಡುಗಿಯರ ಜೊತೆ ಕೋಣೆ ಮಾಡಿದ್ದಾಳೆ. ನಮ್ಮ ಮನೆಯಿಂದ ಅದು ಅರ್ಧ ತಾಸಿನ ದಾರಿಯೂ ಇರಲಿಲ್ಲ. ಹೊರಡುವಾಗ ಬೇಡವೆಂದರೂ ಕೇಳದೆ ಒಂದು ಚೀಲದ ತುಂಬ ಉಳ್ಳಾಗಡ್ಡಿ ಕೊಟ್ಟಳು. ಒಂದೊಂದನ್ನೂ ಒತ್ತಿ ನೋಡಿ ಹಾಕಿದಳು.

ಮುಂದಿನ ಭಾನುವಾರ, ಮೊದಲ ಪಾಳಿ ಬಿಡುವ ಹೊತ್ತಿಗೆ, ಅವಳ ಕಂಪನಿಯ ಗೇಟಿನೆದುರು ಚಹದ ಗಾಡಿಯ ಹತ್ತಿರ ನಿಂತೆ. ನೀಲಿ ಕೋಟು ಹಾಕಿಕೊಂಡ ಹುಡುಗಿಯರ ಗುಂಪಿನಲ್ಲಿ ಬಂದಳು. ನನ್ನನ್ನು ನೋಡಿ ನಿಂತಳು, ಉಳಿದವರಿಗೆ ಹಿಂದಿಯಲ್ಲಿ ಮುಂದೆ ಹೋಗಿರಿ ಎಂದಳು. ಮೊದಲಿಗಿಂತ ಸೊರಗಿದ್ದಳು. ಬಲಗೈಯ ಎರಡು ಬೆರಳಿಗೆ ಪಟ್ಟಿ ಸುತ್ತಿತ್ತು.

ನಾನು ಸುತ್ತಿಬಳಸಲಿಲ್ಲ. "ಆ ಲಿಸ್ಟ್ ನಾನೇ ಕೊಟ್ಟಿದ್ದೆ," ಎಂದೆ.

"ನಂಗ ಗೊತ್ತದ್ರಿ. ಅವರ ಟೇಬಲ್ ಮ್ಯಾಲೆ ಇತ್ತು. ನಿಮ್ಮ ಸಹಿ ಇತ್ತು, ಶಿಕ್ಕಾ ಇತ್ತು."

"ಮತ್ತ ಒಂದ್ ಮಾತೂ ಅನ್ಲಿಲ್ಲಲ್ಲ ನನಗ."

"ಏನಂತ ಅನ್ಬೇಕಿತ್ರಿ?" ಚಹದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ಸರ್ ಮಾಡಿದ್ದು ನೋಡಿ ನಂಗ ಸಿಟ್ಟು ಬಂದಿತ್ತು. ಜಗಳಾಡ್ಬೇಕು ಅನಿಸ್ತಿತ್ತು. ನಿಮ್ಮ ಸಹಿ ನೋಡಿದ್ ಮ್ಯಾಲ ಸಿಟ್ಟೂ ಬರ್ಲಿಲ್ಲ. ಅವರು ಹೇಳಿದ್ದು ಬರ್ಕೊಟ್ಟು ಬಂದೆ."

ವರ್ಗಾವಣೆಯ ಮಾತನ್ನೂ ಹೇಳಿದೆ. ಅವಳು ನನ್ನ ಮಗಳು ಯಾವ ಇಯತ್ತೆ ಎಂದು ಕೇಳಿದಳು. ಹೇಳಿದೆ. "ಛಲೋ ಆತು ಬಿಡ್ರಿ," ಎಂದಳು. ಅದರಲ್ಲಿ ಚುಚ್ಚು ಮಾತಿರಲಿಲ್ಲ, ಕ್ಷಮೆಯೂ ಇರಲಿಲ್ಲ. ನಾನು ಆ ಪತ್ರಿಕೆಯ ಸಂಪಾದಕರಿಗೆ ಬರೆಯುತ್ತೇನೆ, ನೋಡಿದ್ದನ್ನೆಲ್ಲ ನನ್ನ ಹೆಸರಿನಲ್ಲೇ ಬರೆಯುತ್ತೇನೆ ಎಂದೆ.

"ಬರೀರಿ. ನಾ ಬ್ಯಾಡ ಅನ್ನಲ್ಲ."

ಅವಳ ಎಂ.ಎಸ್ಸಿ. ಪ್ರಬಂಧದ ಪ್ರತಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿತ್ತು. ಅಲ್ಲಿಯ ಗ್ರಂಥಪಾಲಕರನ್ನು ಹಿಡಿದು, ಅದು ಅಲ್ಲಿ ಜಮೆಯಾದ ತಾರೀಖಿನ ಪುಟ, ಕೋಷ್ಟಕಗಳು, ಅವ್ವನ ಕೈಯಿದ್ದ ಅದೇ ಚಿತ್ರ ಎಲ್ಲವನ್ನೂ ತೆಗೆಸಿದೆ. ನಾಲ್ಕು ಪುಟದ ಪತ್ರ ಬರೆದೆ. ಪಟ್ಟಿ ಕೊಟ್ಟದ್ದನ್ನೂ ಬಿಡದೆ ಬರೆದೆ. ಕಳಿಸುವ ಮೊದಲು ಗಂಡ ಓದಿದರು. "ನೌಕರಿ ಹೋದರ?" ಎಂದರು. ಹೋದರೆ ನೋಡೋಣ ಎಂದೆ.

ನೌಕರಿ ಹೋಗಲಿಲ್ಲ. ಟ್ರಸ್ಟಿನ ಕಚೇರಿಗೆ ಕರೆಸಿ ಎರಡು ತಾಸು ಕೂಡಿಸಿದರು, ಸಂಸ್ಥೆಯ ಒಳಗಿನ ವಿಷಯ ಹೊರಗೆ ಬರೆದದ್ದಕ್ಕೆ ಎಚ್ಚರಿಕೆಯ ಪತ್ರ ಕೊಟ್ಟರು. ಸಂಪಾದಕರ ಉತ್ತರ ಬರಲು ನಾಲ್ಕು ತಿಂಗಳಾಯಿತು. ಲೇಖಕರು ಯಾರೆಂಬ ತಕರಾರನ್ನು ಸಂಸ್ಥೆಯೇ ತೀರ್ಮಾನಿಸಬೇಕು, ಸಂಸ್ಥೆಯನ್ನು ಕೇಳಿದ್ದೇವೆ, ಆ ಅಧ್ಯಾಪಕಿ ಯಾವ ದೂರನ್ನೂ ಕೊಟ್ಟಿಲ್ಲವೆಂದು, ಪ್ರಬಂಧದ ನಂತರ ಮೆಂಟರ್ ಆ ಕೆಲಸವನ್ನು ಹೊಸದಾಗಿ ನಡೆಸಿದರೆಂದು ಅವರು ತಿಳಿಸಿದ್ದಾರೆ, ಪುರಾವೆ ಲಗತ್ತಿಸಿದೆ ಎಂದಿತ್ತು. ಲಗತ್ತಿಸಿದ್ದು ಡೈರಿಯ ಆ ಪುಟ. ನಾನೇ ರ್‍ಯಾಕಿನ ಮೇಲೆ ಜೋಡಿಸಿಟ್ಟಿದ್ದ ಪುಟ.

ಹೊಸ ಕಾಲೇಜಿನಲ್ಲಿ ನಾನು ಝೆರಾಕ್ಸ್ ರಿಜಿಸ್ಟರಿನಲ್ಲಿ ಹೆಸರು ಬರೆಸುವುದನ್ನು ನಿಲ್ಲಿಸಿದೆ. ಯಾರು ಏನು ಓದಿದರೆಂದು ಕೇಳಿದರೆ ಸಂಖ್ಯೆ ಮಾತ್ರ ಕೊಡುತ್ತೇನೆ. ಇದರಿಂದ ಒಂದೆರಡು ಸಲ ಬೈಸಿಕೊಂಡಿದ್ದೇನೆ. ಆದರೆ ಇದರಿಂದ ಅವಳಿಗೆ ಆದದ್ದೇನೂ ಇಲ್ಲ.

ಆ ಉತ್ತರವನ್ನು ಫೋನಿನಲ್ಲಿ ಕಳಿಸಲು ಮನಸ್ಸಾಗದೆ ಮತ್ತೊಂದು ಭಾನುವಾರ ವಾಳೂಜ್‌ಗೆ ಹೋಗಿ ಅವಳ ಕೈಗೆ ಕೊಟ್ಟೆ. ರಸ್ತೆಯ ಬದಿ ನಿಂತುಕೊಂಡೇ ಎರಡು ಸಲ ಓದಿದಳು. ಓದುವುದು ಈಗ ನಿಧಾನವಿರಲಿಲ್ಲ. ಅಧ್ಯಾಪಕರಾಗಲು ಬೇಕಾದ ಸೆಟ್ ಪರೀಕ್ಷೆ ಕಟ್ಟು, ಪಿಎಚ್.ಡಿ.ಗೆ ಅರ್ಜಿ ಹಾಕು, ಬೇಕಾದ ಪುಸ್ತಕ ನಾನು ತಂದುಕೊಡುತ್ತೇನೆ ಎಂದೆ. ಕಾಗದವನ್ನು ನನಗೇ ವಾಪಸ್ಸು ಕೊಟ್ಟಳು.

"ಈಗ ಆಗಲ್ರಿ. ಹನ್ನೆರಡು ಮಂದ್ಯಾಗ ಇಬ್ಬರಿಗಿ ಲೈನಿನ ಮ್ಯಾಲ ಖಾಯಂ ಮಾಡ್ತಾರಂತ. ರಜಾ ಹಾಕಿದ್ರ ಹೆಸರು ತೆಗೀತಾರ. ಅದೊಂದು ಆಗ್ಲಿ, ಮುಂದ ನೋಡ್ತೀನಿ."

ಎರಡನೆಯ ಪಾಳಿಯವರನ್ನು ಇಳಿಸಿ ಕಂಪನಿಯ ಬಸ್ಸು ತಿರುಗಿ ನಿಂತಿತು. ಅವಳು ಓಡಿಹೋಗಿ ಹತ್ತಿದಳು. ಕಿಟಕಿಯ ಪಕ್ಕ ಜಾಗವಿರಲಿಲ್ಲ, ನಡುವೆ ಕಂಬಿ ಹಿಡಿದು ನಿಂತಳು. ಬಸ್ಸು ಹೋದ ಮೇಲೆ ನಾನು ರಿಕ್ಷಾ ಹಿಡಿದು ಪೇಟೆಗೆ ಹೋದೆ. ಮಗಳ ಶಾಲೆಯ ಬೂಟು ಹರಿದಿದ್ದವು, ಸೋಮವಾರಕ್ಕೆ ಹೊಸವು ಬೇಕಿದ್ದವು.